ಎರೆ ನೆಲದ ಹಿತ್ತಲಲ್ಲಿ ಹಣ್ಣಿನ ಗಿಡ, ಹೂವಿನ ಗಿಡ

ರಾಯಚೂರಿನ ಹೊಸ ಬಡಾವಣೆಗಳಲ್ಲಿ ಮನೆ ಕಟ್ಟಿದವರು ನನ್ನನ್ನು ಮೊದಲು ಕೇಳುವುದು, "ಅಕ್ಕಾರ, ಇಲ್ಲಿ ಯಾವ ಗಿಡ ಬರ್ತಾವ್ರಿ?" ಅಂತ. ಗಿಡದ ಹೆಸರು ಆಮೇಲೆ ಹೇಳುತ್ತೇನೆ, ಮೊದಲು ನಿಮ್ಮ ಹಿತ್ತಲಲ್ಲಿ ನೀರು ಎಷ್ಟು ಹೊತ್ತು ನಿಲ್ಲುತ್ತದೆ ನೋಡಿ ಅನ್ನುತ್ತೇನೆ. ಒಂದೂವರೆ ಅಡಿ ಆಳದ ಗುಂಡಿ ತೆಗೆಯಿರಿ. ತುಂಬ ನೀರು ಹಾಕಿ. ಇಂಗಿದ ಮೇಲೆ ಸಂಜೆ ಮತ್ತೊಮ್ಮೆ ತುಂಬಿ. ಬೆಳಿಗ್ಗೆ ತಳದಲ್ಲಿ ಇನ್ನೂ ನೀರಿದ್ದರೆ ಗುಂಡಿ ತೆಗೆದು ಗಿಡ ನೆಡುವ ಯೋಚನೆ ಬಿಡಿ. ದಿಬ್ಬ ಮಾಡಿ ನೆಡಬೇಕು.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ನಮ್ಮ ಕಡೆ ಗಿಡ ಸಾಯುವುದು ಜಾಸ್ತಿ ಇದರಿಂದಲೇ. ಎರೆ ಅಂದರೆ ಕಪ್ಪು ಜಿಗುಟು ಮಣ್ಣು, ಅದು ನೀರು ಕುಡಿದು ಉಬ್ಬುತ್ತದೆ, ಒಣಗಿದರೆ ಕುಗ್ಗಿ ಬಿರಿಯುತ್ತದೆ. ಎಲ್ಲರೂ ಏನು ಮಾಡುತ್ತಾರೆ? ಎರಡು ಅಡಿ ಗುಂಡಿ ತೋಡಿಸಿ, ಟ್ರ್ಯಾಕ್ಟರ್‌ನಲ್ಲಿ ಮಸಾರಿ (ಕೆಂಪು) ಮಣ್ಣು ತರಿಸಿ, ತಿಪ್ಪೆ ಗೊಬ್ಬರ ಬೆರೆಸಿ ತುಂಬುತ್ತಾರೆ. ನೋಡೋಕೆ ಚೆಂದ. ಆದರೆ ಸುತ್ತಲಿನ ಎರೆ ನೀರು ಬಿಡುವುದಿಲ್ಲ, ಒಳಗಿನ ಸಡಿಲ ಮಣ್ಣು ಮಾತ್ರ ಗಟಗಟ ಕುಡಿಯುತ್ತದೆ. ಬುಡದಲ್ಲೊಂದು ಬಾವಿ ತೋಡಿದ ಹಾಗೆ ಆಗುತ್ತದೆ. ಸೆಪ್ಟೆಂಬರ್ ಮಳೆ ಎರಡು ದಿನ ಬಿಡದೆ ಹಿಡಿದರೆ ಬೇರು ಕೊಳೆಯುತ್ತದೆ. ಎಲೆ ಬಾಡುವುದು ತಡವಾಗಿ, ಬಿಸಿಲು ಬಿದ್ದ ಮೇಲೆ. ಆಗ ಪಾಪ, ಬಿಸಿಲಿಗೆ ಬಾಡಿತು ಅಂದುಕೊಂಡು ಇನ್ನೂ ಒಂದು ಕೊಡ ನೀರು ಸುರಿಯುತ್ತಾರೆ.

ದಿಬ್ಬ ಹೀಗೆ ಮಾಡಿ. ನಾಲ್ಕು ಅಡಿ ಅಗಲದ ಜಾಗವನ್ನು ಒಂದು ಗೇಣು ಆಳ ಮಾತ್ರ ಅಗೆದು ಸಡಿಲ ಮಾಡಿ. ಅದರ ಮೇಲೆ ಅದೇ ಎರೆ, ಸ್ವಲ್ಪ ಮಸಾರಿ, ಎರಡು ಬುಟ್ಟಿ ಹಳೆಯ ತಿಪ್ಪೆ ಗೊಬ್ಬರ ಕಲಸಿ ಒಂದೂವರೆ ಅಡಿ ಎತ್ತರಿಸಿ. ಅಂಚು ಇಳಿಜಾರಾಗಿರಲಿ. ಮಣ್ಣು ಕೂತು ಒಂದು ಅಡಿಗೆ ಇಳಿಯುತ್ತದೆ, ಅದಕ್ಕೇ ಮೊದಲೇ ಎತ್ತರ. ಒಲೆ ಬೂದಿ ಹಾಕಬೇಡಿ. ನಮ್ಮ ಮಣ್ಣು ಈಗಾಗಲೇ ಕ್ಷಾರ, ಬೂದಿ ಅದನ್ನು ಇನ್ನೂ ಹೆಚ್ಚಿಸುತ್ತದೆ. ನಿಮ್ಮದು ಮಸಾರಿ ಇಲ್ಲವೇ ಗರಸು ನೆಲವಾದರೆ, ನೀರು ರಾತ್ರಿಯೊಳಗೆ ಇಂಗಿ ಹೋದರೆ, ಎರಡು ಅಡಿ ಗುಂಡಿಯೇ ಸರಿ. ದಿಬ್ಬ ಬೇಡ.

ನೆಡುವ ಕಾಲ ಮೃಗಶಿರಾ, ಆರಿದ್ರಾ ಮಳೆಯದು. ಜೂನ್‌ನಲ್ಲಿ ನೆಟ್ಟ ಗಿಡಕ್ಕೆ ಬೇಸಿಗೆ ಬರುವ ಮುಂಚೆ ಬೇರು ಬಿಡಲು ಎಂಟು ತಿಂಗಳು ಸಿಗುತ್ತದೆ. ಯುಗಾದಿಗೆ ಶುಭ ಅಂತ ನೆಟ್ಟರೆ ಮುಂದಿನ ತಿಂಗಳೇ 40 ಡಿಗ್ರಿ ದಾಟಿರುತ್ತದೆ. ಹಬ್ಬಕ್ಕೆ ಒಂದು ತುಳಸಿ ನೆಡಿ, ಸಾಕು.

ನರ್ಸರಿಯಲ್ಲಿ ಗಿಡ ಕೈಗೆತ್ತಿಕೊಂಡು ನೋಡಿ ತನ್ನಿ. ಮಾವು, ಚಿಕ್ಕುಗೆ ಕಸಿ ಗಿಡವೇ ಬೇಕು. ಬೀಜದ ಚಿಕ್ಕು ಹಣ್ಣು ಕೊಡಲು ಏಳೆಂಟು ವರ್ಷ ಹಿಡಿಯುತ್ತದೆ, ಕಸಿ ಗಿಡ ಮೂರು ನಾಲ್ಕು ವರ್ಷಕ್ಕೆ ಶುರು ಮಾಡುತ್ತದೆ. ಕಾಂಡವನ್ನು ಬುಡದಿಂದ ಬೆರಳಲ್ಲಿ ಸವರುತ್ತಾ ಬನ್ನಿ. ಒಂದು ಗೇಣು ಮೇಲೆ ಗಂಟು ಸಿಗುತ್ತದೆ. ಅಲ್ಲಿ ತೊಗಟೆಯ ಬಣ್ಣ ಬದಲಾಗಿರುತ್ತದೆ, ಪ್ಲಾಸ್ಟಿಕ್ ಪಟ್ಟಿ ಸುತ್ತಿರುತ್ತಾರೆ. ಗಂಟು ಗಟ್ಟಿಯಾಗಿ ಕೂಡಿದೆಯಾ, ಅದರ ಮೇಲೆ ಎರಡು ಸಲವಾದರೂ ಹೊಸ ಚಿಗುರು ಬಂದು ಬಲಿತಿದೆಯಾ, ಎರಡನ್ನೂ ನೋಡಿ. ಗಂಟು ಕೂಡಿದ್ದರೆ ಮನೆಗೆ ತಂದ ಮೇಲೆ ಆ ಪಟ್ಟಿಯನ್ನು ಬ್ಲೇಡಿನಿಂದ ಸೀಳಿ ತೆಗೆಯಿರಿ. ಹಾಗೇ ಬಿಟ್ಟರೆ ಕಾಂಡ ದಪ್ಪವಾದಂತೆ ಅದು ಒಳಗೆ ಕೊರೆಯುತ್ತದೆ. ನೆಡುವಾಗ ಗಂಟು ಮಣ್ಣಿಗಿಂತ ಅರ್ಧ ಅಡಿ ಮೇಲಿರಬೇಕು. ಗಂಟಿನ ಕೆಳಗೆ ಒಡೆಯುವ ಚಿಗುರನ್ನು ಎಳೆಯದಾಗಿರುವಾಗಲೇ ಕಿತ್ತುಬಿಡಿ. ಅದು ಬೇರುಗಿಡದ್ದು, ನೀವು ದುಡ್ಡು ಕೊಟ್ಟ ತಳಿಯದಲ್ಲ. ತೋಟಗಾರಿಕೆ ಇಲಾಖೆಯ ಸಸ್ಯಕ್ಷೇತ್ರಗಳಲ್ಲಿ ಮೊದಲು ವಿಚಾರಿಸಿ.

ಈಗ ಹೆಸರುಗಳು. ನಮ್ಮ ನೆಲಕ್ಕೆ ನಾನು ಮೊದಲು ಹೇಳುವುದು ಚಿಕ್ಕು. ಉಪ್ಪು ನೀರನ್ನೂ ಎರೆಯನ್ನೂ ತಡೆದುಕೊಳ್ಳುತ್ತದೆ, ವರ್ಷವಿಡೀ ಹಸಿರು. ಕಾಲಿಪತ್ತಿ ತಳಿ ಒಳ್ಳೆಯ ರುಚಿ. ಧಾರವಾಡ ಕೃಷಿ ವಿಶ್ವವಿದ್ಯಾಲಯದ ಡಿ.ಎಚ್.ಎಸ್. ತಳಿಗಳೂ ಚೆನ್ನಾಗಿವೆ. ಗೋಡೆಯಿಂದ ಹತ್ತು ಅಡಿ ದೂರ ಬೇಕು. ಸೀತಾಫಲ ಕಲ್ಲು ಗುಡ್ಡದಲ್ಲೇ ಬೆಳೆಯುವ ಗಿಡ, ಆರೈಕೆ ಕೇಳುವುದಿಲ್ಲ. ಬೇಸಿಗೆಗೆ ಎಲೆ ಪೂರ್ತಿ ಉದುರಿಸಿ ಬೋಳಾಗುತ್ತದೆ. ಸತ್ತಿತು ಅಂತ ಕಡಿದುಬಿಡಬೇಡಿ. ಉಗುರಿನಿಂದ ತೊಗಟೆ ಸ್ವಲ್ಪ ಕೆರೆದು ನೋಡಿ, ಒಳಗೆ ಹಸಿರಿದ್ದರೆ ಮಳೆಗೆ ಚಿಗುರುತ್ತದೆ.

ಪೇರಲದ ವಿಷಯದಲ್ಲಿ ಒಂದು ಮಾತು ಮನಸ್ಸಿಟ್ಟು ಕೇಳಿ. ಲಖನೌ-49 ಆಗಲಿ, ಅಲಹಾಬಾದ್ ಸಫೇದಾ ಆಗಲಿ, ಫೆಬ್ರವರಿ ಮಾರ್ಚ್‌ನಲ್ಲಿ ಬರುವ ಹೂವನ್ನು ಚಿವುಟಿ ಹಾಕಿ. ಕೈ ಬರುವುದಿಲ್ಲ, ಗೊತ್ತು. ಆದರೆ ಆ ಹೂವಿನ ಕಾಯಿ ಮಳೆಗಾಲಕ್ಕೆ ಹಣ್ಣಾಗುತ್ತದೆ, ಹಣ್ಣಿನ ನೊಣ ಮೊಟ್ಟೆ ಇಟ್ಟು ಒಳಗೆಲ್ಲ ಹುಳ. ರುಚಿಯೂ ಸಪ್ಪೆ. ಜೂನ್ ಜುಲೈನ ಹೂವು ಉಳಿಸಿಕೊಂಡರೆ ಚಳಿಗಾಲಕ್ಕೆ ಗಟ್ಟಿ, ಸಿಹಿ ಹಣ್ಣು. ಕಾಯಿ ನಿಂಬೆ ಗಾತ್ರವಾದಾಗ ಹಳೆ ಬಟ್ಟೆಯ ಚೀಲ ಕಟ್ಟಿದರೆ ಗಿಳಿಯ ಕಾಟವೂ ಕಡಿಮೆ.

ಪಪ್ಪಾಯಿ ನೆಟ್ಟರೆ ವರ್ಷದೊಳಗೆ ಹಣ್ಣು, ಆದರೆ ಬುಡದಲ್ಲಿ ಒಂದು ದಿನ ನೀರು ನಿಂತರೂ ಕೊಳೆತು ಬೀಳುತ್ತದೆ. ದಿಬ್ಬದ ನೆತ್ತಿಯಲ್ಲೇ ನೆಡಿ, ನೀರು ಕಾಂಡದಿಂದ ಒಂದು ಅಡಿ ಆಚೆ ಹಾಕಿ. ನಾಟಿ ಬೀಜವಾದರೆ ಒಂದು ಕಡೆ ಮೂರು ಸಸಿ ಇಡಿ. ಹೂವು ಬಂದಾಗ ಉದ್ದ ತೊಟ್ಟಿನ ಗೊಂಚಲು ಹೂವಿನದು ಗಂಡು, ಅದನ್ನು ತೆಗೆಯಿರಿ. ರೆಡ್ ಲೇಡಿ ತಳಿ ತಂದರೆ ಈ ಚಿಂತೆ ಇಲ್ಲ. ಹಲಸು, ರಂಬುಟಾನ್ ಕೇಳುವವರಿಗೆ ನಾನು ಬೇಡ ಅನ್ನುತ್ತೇನೆ. ಮಲೆನಾಡಿನ ತಂಪು ಗಾಳಿ ನಾವು ಎಲ್ಲಿಂದ ತರೋಣ?

ನೀರಿನ ಮಾತಿಗೆ ಬರೋಣ. ಬೋರ್ ನೀರು ಸವುಳು. ದಿನಾ ಒಂದೊಂದು ಚೊಂಬು ಹಾಕಿದರೆ ನೀರು ಆವಿಯಾಗಿ ಉಪ್ಪು ಬುಡದಲ್ಲೇ ಬಿಳಿಯಾಗಿ ಕೂರುತ್ತದೆ. ನಾಲ್ಕೈದು ದಿನಕ್ಕೊಮ್ಮೆ ಆಳಕ್ಕೆ ಇಳಿಯುವಷ್ಟು ಹಾಕಿ, ಉಪ್ಪು ಬೇರಿನ ಕೆಳಗೆ ಹೋಗಲಿ. ಆರ್.ಓ. ಫಿಲ್ಟರಿನಿಂದ ಹೊರಬೀಳುವ ನೀರನ್ನು ಗಿಡಕ್ಕೆ ಹಾಕುವವರಿದ್ದಾರೆ. ದಯವಿಟ್ಟು ಬೇಡ, ಅದರಲ್ಲಿ ಉಪ್ಪು ಇನ್ನೂ ಜಾಸ್ತಿ. ನೆಲ ಒರೆಸಲು ಬಳಸಿ. ಏ.ಸಿ. ನೀರು ಕುಂಡದ ಹೂಗಿಡಕ್ಕೆ ಒಳ್ಳೆಯದು.

ಶಿವರಾತ್ರಿ ಹೊತ್ತಿಗೆ ಬುಡಕ್ಕೆ ಹೊದಿಕೆ ಬಿದ್ದಿರಬೇಕು. ನೆಲ ಬಿರಿದ ಮೇಲೆ ಹಾಕಿದರೆ ತಡ, ಬಿರುಕು ಎಳೆ ಬೇರುಗಳನ್ನು ಹರಿದಿರುತ್ತದೆ. ನಮ್ಮ ಊರಲ್ಲಿ ರೈಸ್ ಮಿಲ್‌ಗೆ ಬರ ಇಲ್ಲ. ಭತ್ತದ ಹೊಟ್ಟು, ಶೇಂಗಾ ಹೊಟ್ಟು, ಒಣ ಎಲೆ, ಯಾವುದಾದರೂ ನಾಲ್ಕು ಬೆರಳು ದಪ್ಪ ಹರಡಿ. ಕಾಂಡಕ್ಕೆ ತಾಗದಂತೆ ಒಂದು ಗೇಣು ಬಿಡಿ, ಇಲ್ಲದಿದ್ದರೆ ಗೆದ್ದಲು ಹತ್ತುತ್ತದೆ. ಮೊದಲ ಎರಡು ಬೇಸಿಗೆ ಪಡುವಣ ಬಿಸಿಲಿಗೆ ಜೋಳದ ಕಣಿಕೆಯ ತಡಿಕೆ ನಿಲ್ಲಿಸಿ. ಕಾಂಡಕ್ಕೆ ಸುಣ್ಣ ಬಳಿಯಿರಿ.

ಹೂವಿನಲ್ಲಿ ಮಲ್ಲಿಗೆ ಇಲ್ಲದ ಹಿತ್ತಲು ನನಗೆ ಹಿತ್ತಲೇ ಅಲ್ಲ. ಹಡಗಲಿ ಮಲ್ಲಿಗೆ ನಮ್ಮ ಸೀಮೆಯದೇ, ಅದಕ್ಕೆ ಭೌಗೋಳಿಕ ಸೂಚ್ಯಂಕದ ಮಾನ್ಯತೆಯೂ ಇದೆ. ನವೆಂಬರ್ ಕೊನೆಗೆ ನೀರು ನಿಲ್ಲಿಸಿ, ಗಿಡವನ್ನು ಮೊಣಕಾಲೆತ್ತರಕ್ಕೆ ಕತ್ತರಿಸಿ, ಇರುವ ಎಲೆಯನ್ನೂ ಸವರಿ ತೆಗೆಯಿರಿ. ಕೆಲವು ದಿನ ಬಿಟ್ಟು ಗೊಬ್ಬರ ಕೊಟ್ಟು ನೀರು ಬಿಟ್ಟರೆ ಮಾರ್ಚ್ ಹೊತ್ತಿಗೆ ಮೊಗ್ಗು. ಎಳೆ ಎಲೆ ಹಳದಿಯಾಗಿ ನರ ಮಾತ್ರ ಹಸಿರು ಉಳಿದಿದ್ದರೆ ಅದು ಕಬ್ಬಿಣದ ಕೊರತೆ. ಮಣ್ಣಲ್ಲಿ ಕಬ್ಬಿಣ ಇರುತ್ತದೆ, ಸುಣ್ಣದಂಶ ಜಾಸ್ತಿಯಿರುವುದರಿಂದ ಬೇರಿಗೆ ಸಿಗುವುದಿಲ್ಲ. ಅನ್ನಭೇದಿ (ಫೆರಸ್ ಸಲ್ಫೇಟ್) 5 ಗ್ರಾಂ, ನಿಂಬೆ ಉಪ್ಪು (ಸಿಟ್ರಿಕ್ ಆಮ್ಲ) 1 ಗ್ರಾಂ, ಒಂದು ಲೀಟರ್ ನೀರಿಗೆ ಹಾಕಿ ಸಂಜೆ ಎಲೆಗೆ ಸಿಂಪಡಿಸಿ. ಹತ್ತು ದಿನ ಬಿಟ್ಟು ಮತ್ತೊಮ್ಮೆ.

ದಾಸವಾಳಕ್ಕೆ ಬಿಳಿ ಹಿಟ್ಟಿನಂಥ ತಿಗಣೆ ಹತ್ತಿದರೆ ಪೈಪಿನಿಂದ ಜೋರಾಗಿ ನೀರು ಹೊಡೆದು, ಬೇವಿನೆಣ್ಣೆ 5 ಮಿಲಿ, ಚೂರು ಸೋಪಿನ ಪುಡಿ ಲೀಟರ್ ನೀರಿಗೆ ಕಲಸಿ ಸಿಂಪಡಿಸಿ. ಕಾಗದದ ಹೂವಿಗೆ ನೀರು ಜಾಸ್ತಿಯಾದರೆ ಬರೀ ಎಲೆ. ಮಣ್ಣು ಚೆನ್ನಾಗಿ ಒಣಗಲು ಬಿಡಿ, ಮೈತುಂಬ ಹೂ ಬಿಡುತ್ತದೆ. ಕಣಗಲೆ ಮಾತ್ರ ಎಲೆಯಿಂದ ಬೇರಿನವರೆಗೆ ವಿಷ. ಸಣ್ಣ ಮಕ್ಕಳಿದ್ದರೆ, ದನ ಕರು ಬಾಯಿ ಹಾಕುವ ಜಾಗವಾದರೆ ಅದನ್ನು ನೆಡಬೇಡಿ. ಆ ಜಾಗಕ್ಕೆ ನಂದಿಬಟ್ಟಲೂ ಬೇಡ, ಅದರ ಹಾಲೂ ಒಳ್ಳೆಯದಲ್ಲ. ಪಾರಿಜಾತ ಹಾಕಿ.