ತುಂಬುವುದೇನೆಂದು ತಿಳಿದ ಮೇಲೆ ಕೊರೆಯಿರಿ: ಹುಳುಕು ಹಲ್ಲಿನ ಕುಳಿಯನ್ನು ಸಿದ್ಧಪಡಿಸುವ ಬಗೆ

ಬಸವನಗುಡಿಯ ನನ್ನ ಚಿಕಿತ್ಸಾಲಯಕ್ಕೆ ಬರುವ ಇಂಟರ್ನ್‌ಗಳು ಬರ್ (ಹಲ್ಲು ಕೊರೆಯುವ ಮೊನೆ) ಕೈಗೆತ್ತಿಕೊಂಡ ಕೂಡಲೇ ನಾನು ಕೇಳುವುದು ಒಂದೇ ಪ್ರಶ್ನೆ: "ಇದಕ್ಕೆ ಏನು ತುಂಬುತ್ತೀರಿ?" ಹುಳುಕು ಎಲ್ಲಿದೆ, ಎಷ್ಟು ಆಳಕ್ಕಿಳಿದಿದೆ ಎಂದು ಎಕ್ಸ್‌ರೇ ಹಿಡಿದು ವಿವರಿಸಲು ಸಿದ್ಧರಾಗಿ ಬಂದವರು ಈ ಪ್ರಶ್ನೆಗೆ ತಡವರಿಸುತ್ತಾರೆ. ಕುಳಿಯ ಆಕಾರವನ್ನು ನಿರ್ಧರಿಸುವ ಹಕ್ಕಿರುವುದು ಇಬ್ಬರಿಗೆ ಮಾತ್ರ. ಒಂದು ಹುಳುಕು, ಇನ್ನೊಂದು ಅದರ ಜಾಗಕ್ಕೆ ಬರಲಿರುವ ವಸ್ತು. ನಮ್ಮ ಕೈಚಳಕಕ್ಕೆ ಅಲ್ಲಿ ಕೆಲಸವಿದೆ, ಅಧಿಕಾರವಿಲ್ಲ.

ಬಿ.ಡಿ.ಎಸ್. ಎರಡನೇ ವರ್ಷದಲ್ಲಿ ಪ್ಲಾಸ್ಟರಿನ ದೊಡ್ಡ ಹಲ್ಲಿನ ಮೇಲೆ, ಆಮೇಲೆ ಫ್ಯಾಂಟಮ್ ತಲೆಯ, ಅಂದರೆ ಅಭ್ಯಾಸದ ಗೊಂಬೆತಲೆಯ, ಪ್ಲಾಸ್ಟಿಕ್ ಹಲ್ಲುಗಳ ಮೇಲೆ ಕೊರೆದು ಕಲಿತವರಿಗೆ ಒಂದು ಭ್ರಮೆ ಉಳಿದಿರುತ್ತದೆ: ಚೊಕ್ಕ ಮೂಲೆ, ನೇರ ಗೋಡೆ, ಸಮತಟ್ಟಾದ ತಳವಿದ್ದರೆ ಕುಳಿ ಸರಿಯಾಯಿತು ಎಂಬುದು. ಪ್ಲಾಸ್ಟಿಕ್ ಹಲ್ಲಿಗೆ ಹುಳುಕು ಹಿಡಿದಿರುವುದಿಲ್ಲ, ಅದರೊಳಗೆ ಪಲ್ಪ್, ಅಂದರೆ ನರ, ರಕ್ತನಾಳಗಳಿರುವ ಜೀವಂತ ತಿರುಳು, ಮಿಡಿಯುವುದಿಲ್ಲ. ಅಲ್ಲಿ ಆಕಾರವೇ ಪರೀಕ್ಷೆ. ಕುರ್ಚಿಯ ಮೇಲೆ ಕುಳಿತವರ ಬಾಯಲ್ಲಿ ಹಾಗಲ್ಲ.

ಆ ಚೊಕ್ಕ ಪೆಟ್ಟಿಗೆಯ ಆಕಾರ ಬಂದದ್ದು ಅಮೆರಿಕದ ದಂತವೈದ್ಯ ಜಿ. ವಿ. ಬ್ಲ್ಯಾಕ್ (1836–1915) ಅವರಿಂದ. ಹುಳುಕನ್ನು ಜಾಗಕ್ಕೆ ತಕ್ಕಂತೆ ಐದು ವರ್ಗಗಳಾಗಿ ಹಂಚಿದವರೂ ಅವರೇ. ಆರನೆಯದು ಆಮೇಲೆ ಸೇರಿತು. ಅವರ ಹಂತಗಳನ್ನು ಮೌಖಿಕ ಪರೀಕ್ಷೆಗೆ ಎಲ್ಲರೂ ಗಿಣಿಪಾಠ ಮಾಡುತ್ತಾರೆ: ಹೊರರೇಖೆ, ಅಗಿಯುವ ಭಾರಕ್ಕೆ ತಾಳಿಕೆ, ತುಂಬಿದ್ದು ಕಳಚದಂತೆ ಹಿಡಿತ, ಕೈಗೆ ಕಣ್ಣಿಗೆ ಎಟುಕುವ ಅನುಕೂಲ, ಉಳಿದ ಹುಳುಕನ್ನು ತೆಗೆಯುವುದು, ಗೋಡೆಗಳ ಅಂಚು, ಕೊನೆಗೆ ಶುಚಿ. ಕೇಳಿದರೆ ಥಟ್ಟನೆ ಹೇಳುತ್ತಾರೆ. ಪ್ರತಿ ಹಂತ ಏಕೆ ಎಂದರೆ ಮೌನ. ಕಾರಣ ಸರಳವಾದದ್ದು: ಆ ಪೆಟ್ಟಿಗೆಗೆ ತುಂಬುವ ಅಮಾಲ್ಗಮ್ (ಪಾದರಸ ಬೆರೆತ ಲೋಹದ ಮಿಶ್ರಣ) ಹಲ್ಲಿಗೆ ಅಂಟುವುದಿಲ್ಲ, ತೆಳುವಾಗಿದ್ದರೆ ಮುರಿಯುತ್ತದೆ. ಆದ್ದರಿಂದ ಅದಕ್ಕೆ ದಪ್ಪ ಬೇಕು, ಹಿಡಿದುಕೊಳ್ಳಲು ಗೋಡೆ ಬೇಕು.

ಇಷ್ಟು ತಿಳಿದರೆ ಅಮಾಲ್ಗಮ್ಮಿನ ಲೆಕ್ಕಗಳೆಲ್ಲ ತಾವಾಗಿಯೇ ಬರುತ್ತವೆ. ದವಡೆ ಹಲ್ಲಿನ ಮೇಲ್ಮೈಯಲ್ಲಿ ಕುಳಿಯ ಆಳ 1.5ರಿಂದ 2 ಮಿಲಿಮೀಟರ್, ತಳ ಹಲ್ಲಿನ ಗಟ್ಟಿ ಹೊರಪದರವಾದ ಎನಾಮೆಲ್ ದಾಟಿ, ಅದರಡಿಯ ಪದರವಾದ ಡೆಂಟಿನ್‌ನೊಳಗೆ 0.2ರಿಂದ 0.5 ಮಿಲಿಮೀಟರ್. 245ನೇ ಸಂಖ್ಯೆಯ ಬರ್‌ನ ತಲೆಯ ಉದ್ದ 3 ಮಿಲಿಮೀಟರ್. ಅರ್ಧ ಮುಳುಗಿತೆಂದರೆ 1.5 ಆಯಿತು, ಬೇರೆ ಅಳತೆಗೋಲು ಬೇಕಿಲ್ಲ. ಆ ಬರ್ ಅನ್ನು ನೆಟ್ಟಗೆ ಹಿಡಿದರೆ ಕೆನ್ನೆಯ ಕಡೆಯ ಮತ್ತು ನಾಲಗೆಯ ಕಡೆಯ ಗೋಡೆಗಳು ಮೇಲಕ್ಕೆ ಹೋಗುತ್ತ ತುಸು ಒಳಕ್ಕೆ ವಾಲುತ್ತವೆ. ಅದೇ ಹಿಡಿತ. ಆದರೆ ಹಲ್ಲಿನ ಮುಂದಿನ ಮತ್ತು ಹಿಂದಿನ ಅಂಚಿನ ಏಣುಗಳ ಬಳಿ ಹಾಗೆ ಮಾಡಬೇಡಿ. ಅಲ್ಲಿ ಗೋಡೆ ಹೊರಕ್ಕೆ ವಾಲಬೇಕು, ಇಲ್ಲದಿದ್ದರೆ ಏಣಿನ ಕೆಳಗಿನ ಡೆಂಟಿನ್ ಹೋಗಿ ಬರೀ ಎನಾಮೆಲ್ ಉಳಿಯುತ್ತದೆ. ಕೆಳಗೆ ಆಧಾರವಿಲ್ಲದ ಎನಾಮೆಲ್ ಒಳಗೆ ಕಂಬಿ ಹಾಕದೆ ಎರಕ ಹೊಯ್ದ ಸಜ್ಜದ ಹಾಗೆ; ನೋಡಲು ಗಟ್ಟಿ, ಮೇಲೆ ಭಾರ ಬೀಳುವ ತನಕ. ಒಳಮೂಲೆಗಳನ್ನು ದುಂಡಗೆ ಬಿಡಿ, ಚೂಪು ಮೂಲೆಯಿಂದಲೇ ಬಿರುಕು ಹೊರಡುವುದು. ಹೊರ ಅಂಚು ಮಾತ್ರ ಮೇಲ್ಮೈಗೆ ಹೆಚ್ಚು ಕಡಿಮೆ 90 ಡಿಗ್ರಿ ಇರಲಿ, ಆಗ ಎನಾಮೆಲ್ಲಿಗೂ ಅಮಾಲ್ಗಮ್ಮಿಗೂ ಸಾಕಷ್ಟು ದಪ್ಪ ಸಿಗುತ್ತದೆ.

ಈಗ ಹೆಚ್ಚಿನವರು ಕೇಳುವುದು ಹಲ್ಲಿನ ಬಣ್ಣದ ಫಿಲ್ಲಿಂಗ್, ಅಂದರೆ ಕಾಂಪೋಸಿಟ್. ಆಮ್ಲದಿಂದ ಎನಾಮೆಲ್ಲನ್ನು ಒರಟು ಮಾಡಿದರೆ ರಾಳ ಅಂಟುತ್ತದೆ ಎಂದು ದಂತ ಸಂಶೋಧಕ ಬೊನೊಕೋರ್ ತೋರಿಸಿದ್ದು 1955ರಲ್ಲಿ. ಅಂಟುವ ವಸ್ತುವಿಗೆ ಪೆಟ್ಟಿಗೆ ಏಕೆ? ಹುಳುಕು ಇದ್ದಷ್ಟು ತೆಗೆಯಿರಿ, ಅಂಚಿನಲ್ಲಿ ಗಟ್ಟಿ ಎನಾಮೆಲ್ ಉಳಿಸಿ, ನಿಲ್ಲಿಸಿ. ತಳ ಸಮತಟ್ಟಾಗಬೇಕಿಲ್ಲ, ಆಳದ ಕನಿಷ್ಠ ಅಳತೆಯೂ ಇಲ್ಲ. ಮುಂದೆ ಹುಳುಕಾಗದಿರಲಿ ಎಂದು ಆರೋಗ್ಯವಾಗಿರುವ ಬಿರುಕುಗಳನ್ನೆಲ್ಲ (ಅಗಿಯುವ ಮೇಲ್ಮೈಯಲ್ಲಿ ಸಹಜವಾಗಿರುವ ಸಣ್ಣ ಸಂದುಗಳನ್ನು) ಕೊರೆದು ಸೇರಿಸಿಕೊಳ್ಳುವ ಬ್ಲ್ಯಾಕ್ ಅವರ ಕಾಲದ ಪದ್ಧತಿಗೂ ಇಲ್ಲಿ ಜಾಗವಿಲ್ಲ. ಆ ಬಿರುಕುಗಳಿಗೆ ಸೀಲಂಟ್ (ಮೇಲಿನಿಂದ ಮುಚ್ಚುವ ಲೇಪ) ಸಾಕು. ಕಾಂಪೋಸಿಟ್ ತುಂಬಲಿಕ್ಕೆಂದು ಹೇಳಿ ಅಮಾಲ್ಗಮ್ಮಿನ ಪೆಟ್ಟಿಗೆ ಕೊರೆಯುವ ಕೈಗಳನ್ನು ಇಂದಿಗೂ ನೋಡುತ್ತೇನೆ. ಅದಕ್ಕೇ ಆ ಮೊದಲ ಪ್ರಶ್ನೆ.

ಕೊರೆಯುವುದೇ ಬೇಕೇ ಎಂಬುದು ಅದಕ್ಕೂ ಹಿಂದಿನ ಮಾತು. ಕೋಲಾರ, ಚಿಕ್ಕಬಳ್ಳಾಪುರ, ಪಾವಗಡದ ಕಡೆಯಿಂದ ಬೆಂಗಳೂರಿಗೆ ಬಂದವರ ಹಲ್ಲುಗಳಲ್ಲಿ ಕಂದು ಕಲೆ, ಸಣ್ಣ ಗುಳಿಗಳು ಸಾಮಾನ್ಯ. ಅದು ಕೊಳವೆ ಬಾವಿಯ ನೀರಿನ ಫ್ಲೋರೈಡ್ ಬರೆದ ಗುರುತು. ಚಿಂತಾಮಣಿಯ ಒಬ್ಬ ಅಜ್ಜಿಯನ್ನು ಮೊಮ್ಮಗ ಕರೆತಂದಿದ್ದರು. ಇಂಟರ್ನ್ ಆಗಲೇ ನಾಲ್ಕು ಹಲ್ಲುಗಳ ಪಟ್ಟಿ ಮಾಡಿದ್ದಳು. "ಗಾಳಿ ಊದಿ ಒಣಗಿಸಿ ನೋಡಮ್ಮ" ಎಂದೆ. ಕಲೆಯ ಕೆಳಗೆಲ್ಲ ಕಲ್ಲಿನಂಥ ಮೇಲ್ಮೈ, ಹೊಳಪು ಬೇರೆ. ಒಂದರಲ್ಲಿ ಮಾತ್ರ ಮೆತ್ತಗಿತ್ತು. "ಹಾಗಾದರೆ ಮೂರು ಹಲ್ಲಿನ ದುಡ್ಡು ಉಳಿಯಿತಲ್ಲವೇನಮ್ಮ?" ಎಂದರು ಅಜ್ಜಿ. ಉಳಿದದ್ದು ಹಲ್ಲು ಕೂಡ. ನೆನಪಿಡಿ: ಬಣ್ಣವನ್ನು ನಂಬಬೇಡಿ. ಕಾಫಿ, ಎಲೆ ಅಡಿಕೆಯ ಕಲೆಗಳೂ ಬಿರುಕಿನಲ್ಲಿ ಕಪ್ಪಗೆ ಕೂತಿರುತ್ತವೆ. ಚೂಪು ಎಕ್ಸ್‌ಪ್ಲೋರರ್ (ಹಲ್ಲು ತಡಕುವ ಮೊನೆಕಡ್ಡಿ) ಒತ್ತಿ ಚುಚ್ಚಿ ನೋಡಲೂ ಬೇಡಿ, ಆಗಷ್ಟೇ ಶುರುವಾಗಿ ಇನ್ನೂ ಮುಚ್ಚಿಕೊಂಡಿರುವ ಹುಳುಕಿನ ಮೇಲ್ಪದರ ಒಡೆಯುತ್ತದೆ. ಇನ್ನು ಫ್ಲೋರೈಡ್ ಹಿಡಿದ ಎನಾಮೆಲ್ ಆಮ್ಲಕ್ಕೆ ಅಷ್ಟು ಬೇಗ ಬಗ್ಗುವುದಿಲ್ಲ, ಅಲ್ಲಿ ಅಂಟಿನ ಮೇಲೆ ಪೂರ್ತಿ ಭರವಸೆ ಇಡುವ ಮೊದಲು ಯೋಚಿಸಿ.

ಕೊರೆಯಲು ಶುರು ಮಾಡುವ ಮುನ್ನ ಎರಡು ಸಣ್ಣ ಕೆಲಸಗಳಿವೆ. ಬಣ್ಣದ ಕಾಗದವನ್ನು ಕಚ್ಚಿಸಿ ಎದುರು ಹಲ್ಲು ಎಲ್ಲಿ ತಾಗುತ್ತದೆಂದು ಗುರುತು ಹಾಕಿಕೊಳ್ಳಿ. ಫಿಲ್ಲಿಂಗಿನ ಅಂಚು ಆ ಚುಕ್ಕೆಯ ಮೇಲೆಯೇ ಬರಬಾರದು. ರಬ್ಬರ್ ಡ್ಯಾಮ್ ಹಾಕಿ. 1864ರಿಂದ ಇರುವ ಆ ರಬ್ಬರ್ ಹಾಳೆಗೆ ಸಮಯವಿಲ್ಲ ಎನ್ನುವವರಿಗೆ, ಎಂಜಲು ತಾಗಿದ ಅಂಟನ್ನು ತೊಳೆದು ಮತ್ತೆ ಶುರು ಮಾಡಲು ಹೇಗೆ ಸಮಯ ಸಿಗುತ್ತದೋ ನನಗೆ ತಿಳಿಯದು.

ಇನ್ನು ನೀರು. ಬರ್ ತಿರುಗಿಸುವ ಏರೋಟರ್ ನಿಮಿಷಕ್ಕೆ ಮೂರು ಲಕ್ಷಕ್ಕೂ ಹೆಚ್ಚು ಸುತ್ತು ತಿರುಗುವ ಯಂತ್ರ, ನೀರಿಲ್ಲದಿದ್ದರೆ ಹಲ್ಲು ಬಿಸಿಯಾಗುತ್ತದೆ. ಪಲ್ಪ್‌ನ ಬಿಸಿ 5.5 ಡಿಗ್ರಿ ಸೆಲ್ಸಿಯಸ್ ಏರಿದರೆ ಸುಮಾರು ಶೇಕಡಾ 15ರಷ್ಟು ಹಲ್ಲುಗಳ ಪಲ್ಪ್ ಚೇತರಿಸಿಕೊಳ್ಳಲಿಲ್ಲ ಎಂದು ಜ಼್ಯಾಕ್ ಮತ್ತು ಕೋಹನ್ 1965ರಲ್ಲಿ ಕೋತಿಗಳ ಮೇಲಿನ ಪ್ರಯೋಗದಲ್ಲಿ ಕಂಡರು. ನಮ್ಮ ಊರಿನ ಗಡಸು ನೀರನ್ನು ಹಾಗೆಯೇ ಬಾಟಲಿಗೆ ತುಂಬಿದರೆ ಹ್ಯಾಂಡ್‌ಪೀಸಿನ ತೂತುಗಳಲ್ಲಿ ಬಿಳಿ ಉಪ್ಪು ಕಟ್ಟುತ್ತದೆ, ನೀರು ಒಂದು ಪಕ್ಕಕ್ಕೆ ಮಾತ್ರ ಚಿಮ್ಮುತ್ತದೆ. ಡಿಸ್ಟಿಲ್ಡ್ ನೀರನ್ನೇ ಹಾಕಿ. ಪ್ರತಿ ರೋಗಿಗೂ ಮೊದಲು ಸಿಂಕಿನ ಮೇಲೆ ಒಮ್ಮೆ ಓಡಿಸಿ, ನೀರು ಬರ್‌ನ ತುದಿಗೇ ಬೀಳುತ್ತಿದೆಯೇ ಎಂದು ನೋಡಿ. ಕೊರೆಯುವಾಗ ಒತ್ತಬೇಡಿ, ಸವರಿ, ಎತ್ತಿ, ಮತ್ತೆ ಸವರಿ. ಬರ್ ಮೊಂಡಾದರೆ ಎಸೆಯಿರಿ. ಅದನ್ನು ಉಳಿಸಿ ಲಾಭ ಮಾಡಿದವರನ್ನು ನಾನು ಕಂಡಿಲ್ಲ.

ಹುಳುಕು ತೆಗೆಯುವ ಕ್ರಮವೇ ಇಡೀ ಕೆಲಸದ ತಿರುಳು. ಮೊದಲು ಸುತ್ತಲಿನ ಗೋಡೆ, ಕೊನೆಗೆ ಪಲ್ಪ್ ಮೇಲಿನ ತಳ. ಎನಾಮೆಲ್ ಮತ್ತು ಡೆಂಟಿನ್ ಕೂಡುವ ಗೆರೆಯಲ್ಲಿ ಹುಳುಕು ಅಡ್ಡಡ್ಡ ಹರಡುತ್ತದೆ, ಮೇಲಿನಿಂದ ಕಾಣುವುದಿಲ್ಲ. ಆ ಗೆರೆ ಸುತ್ತಲೂ ಗಟ್ಟಿಯಾಗಿ, ಶುಚಿಯಾಗಿ ಸಿಗಬೇಕು; ಫಿಲ್ಲಿಂಗಿನ ಬಾಗಿಲು ಮುಚ್ಚುವುದು ಅಲ್ಲಿಯೇ. ಇಲ್ಲಿ ರಿಯಾಯಿತಿ ಇಲ್ಲ. ತಳಕ್ಕೆ ಬಂದಾಗ ಏರೋಟರ್ ಕೆಳಗಿಡಿ. ನಿಧಾನ ತಿರುಗುವ ದೊಡ್ಡ ದುಂಡು ಬರ್ ಅಥವಾ ಕೆರೆಯುವ ಕೈ ಉಪಕರಣವಾದ ಚೂಪಾದ ಸ್ಪೂನ್ ಎಕ್ಸ್‌ಕವೇಟರ್ ತೆಗೆದುಕೊಂಡು ಪಕ್ಕದಿಂದ ನಡುವಿಗೆ ಬನ್ನಿ. ಪದರ ಪದರವಾಗಿ ಏಳುವುದು ಮೆತ್ತನೆಯ ಡೆಂಟಿನ್, ಹೋಗಲಿ. ಆಮೇಲೆ ಚರ್ಮದಂತೆ ಜಿಗುಟಾದದ್ದು, ಅದರಾಚೆ ಗಟ್ಟಿಯಾದದ್ದು ಸಿಗುತ್ತದೆ. ಹುಳುಕು ಹೆಚ್ಚು ಆಳವಿಲ್ಲದಿದ್ದರೆ ತಳ ಗಟ್ಟಿಯಾಗುವ ತನಕ ತೆಗೆಯಬಹುದು.

ಆಳವಾಗಿದ್ದರೆ? ಎಕ್ಸ್‌ರೇಯಲ್ಲಿ ಹುಳುಕು ಡೆಂಟಿನ್‌ನ ಒಳಗಿನ ಮೂರನೇ ಒಂದು ಭಾಗಕ್ಕೆ ಇಳಿದಿದ್ದರೆ, ಪಲ್ಪ್ ಜೀವಂತವಾಗಿದ್ದರೆ, ತಳದ ಮೆತ್ತನೆಯದನ್ನು ಸ್ವಲ್ಪ ಬಿಟ್ಟು ಮೇಲೆ ಭದ್ರವಾಗಿ ಮುಚ್ಚಿ ಎಂಬುದು 2016ರಲ್ಲಿ ಹಲವು ದೇಶಗಳ ತಜ್ಞರು ಸೇರಿ ಒಪ್ಪಿದ ಮಾತು. ಹಳಬರಿಗೆ ಇದು ಸೋಮಾರಿತನವೆನಿಸುತ್ತದೆ. ಗಾಳಿ ಬೆಳಕಿಲ್ಲದಂತೆ ಮುಚ್ಚಿದ ಮೇಲೆ ಒಳಗಿನ ಬ್ಯಾಕ್ಟೀರಿಯಾಕ್ಕೆ ಸಕ್ಕರೆ ಸಿಗುವುದಿಲ್ಲ, ಹುಳುಕು ನಿಲ್ಲುತ್ತದೆ. ಎಲ್ಲವನ್ನೂ ಕೆರೆದು ಪಲ್ಪ್ ತೆರೆದಿಟ್ಟು ರೂಟ್ ಕೆನಾಲ್ ಮಾಡುವುದಕ್ಕಿಂತ ಅದು ಮೇಲು. ಆದರೆ ರಾತ್ರಿ ತಾನಾಗಿಯೇ ಏಳುವ ನೋವು, ತಣ್ಣನೆಯದು ತಾಗಿ ಬಹಳ ಹೊತ್ತು ಉಳಿಯುವ ನೋವು ಇದ್ದರೆ ಈ ನಿಯಮ ಅನ್ವಯಿಸುವುದಿಲ್ಲ. ಆದ್ದರಿಂದ ಬರ್ ಹಿಡಿಯುವ ಮೊದಲೇ ನೋವಿನ ಕಥೆಯನ್ನು ಪೂರ್ತಿ ಕೇಳಿ.

ಎರಡು ಹಲ್ಲುಗಳ ಸಂದಿಯ ಹುಳುಕಿಗೆ ಇನ್ನೊಂದು ಎಚ್ಚರ: ಪಕ್ಕದ ಹಲ್ಲು. ನಡುವೆ ತೆಳು ಲೋಹದ ಪಟ್ಟಿ, ಬುಡದಲ್ಲಿ ಮರದ ವೆಡ್ಜ್ (ಸಣ್ಣ ಬೆಣೆ) ಇಟ್ಟೇ ಶುರು ಮಾಡಿ. ಪಕ್ಕದ ಹಲ್ಲಿಗೆ ಬಿದ್ದ ಗೀರು ಮುಂದಿನ ಹುಳುಕಿಗೆ ಆಹ್ವಾನ. ಹೊರಗಿನ ತೆಳು ಎನಾಮೆಲ್ ಗೋಡೆಯನ್ನು ಕೊನೆಗೆ ಕೈ ಉಪಕರಣದಿಂದ ಮುರಿಯಿರಿ. ಅಮಾಲ್ಗಮ್ ಆದರೆ ಒಸಡಿನ ಕಡೆ ಪಕ್ಕದ ಹಲ್ಲಿನಿಂದ ಅರ್ಧ ಮಿಲಿಮೀಟರ್ ಬಿಡುವು ಇರಲಿ.

ಕೊನೆಗೆ ತೊಳೆದು, ಒಣಗಿಸಿ, ಕನ್ನಡಿಯಲ್ಲಿ ಸುತ್ತಲೂ ನೋಡಿ. ಕಾಂಪೋಸಿಟ್ ತುಂಬುವುದಿದ್ದು ಆಮ್ಲ ಹಾಕುತ್ತೀರಾದರೆ, ತೊಳೆದ ಮೇಲೆ ಡೆಂಟಿನ್ನನ್ನು ಗಾಳಿಯಿಂದ ಬಡಿದು ಒಣಗಿಸಬೇಡಿ, ಹತ್ತಿಯುಂಡೆಯಿಂದ ಹೆಚ್ಚಿನ ನೀರನ್ನಷ್ಟೇ ಒತ್ತಿ ತೆಗೆಯಿರಿ. ಬೆಳಕನ್ನು ಒಂದು ಪಕ್ಕಕ್ಕೆ ವಾಲಿಸಿದರೆ ಆಧಾರವಿಲ್ಲದ ಎನಾಮೆಲ್ ಮಸುಕು ಬಿಳಿಯಾಗಿ ಕಾಣುತ್ತದೆ, ಆಗ ನನ್ನನ್ನು ಕರೆಯುವ ಮೊದಲು ಅದನ್ನು ತೆಗೆದಿರಿ. ನಾನು ಬಂದು ನೋಡುವುದು ಮೊದಲು ಆ ಅಂಚನ್ನೇ. ಅದು ಸರಿಯಿದ್ದರೆ ಮ್ಯಾಟ್ರಿಕ್ಸ್, ಅಂದರೆ ತುಂಬುವ ವಸ್ತುವನ್ನು ಹಿಡಿದಿಡುವ ಪಟ್ಟಿ, ಕಟ್ಟಿ.