ರೊಟ್ಟಿ ಸುತ್ತುವ ಫಾಯಿಲ್ ಮತ್ತು ನನ್ನ ಆಲ್ಫಾ ಕಣಗಳು

ಎಂ.ಎಸ್ಸಿ. ಪ್ರಾಜೆಕ್ಟ್‌ಗೆ ನನಗೆ ಸಿಕ್ಕ ಕೆಲಸ ಕೇಳೋಕೆ ಚಿಕ್ಕದು. ಅಮೆರಿಸಿಯಂ-241 ಅನ್ನೋ ವಿಕಿರಣಶೀಲ ಸೋರ್ಸ್‌ನಿಂದ ಹೊರಡುವ ಆಲ್ಫಾ ಕಣ (ಹೀಲಿಯಂ ಪರಮಾಣುವಿನ ನ್ಯೂಕ್ಲಿಯಸ್) ಅಲ್ಯುಮಿನಿಯಂ ಹಾಳೆ ದಾಟುವಾಗ ಎಷ್ಟು ಶಕ್ತಿ ಕಳೆದುಕೊಳ್ಳುತ್ತದೆ ಅಂತ ಅಳೆಯಬೇಕು. ಲ್ಯಾಬಿನಲ್ಲಿದ್ದ ಹಾಳೆ ಹರಿದುಹೋಗಿತ್ತು. "ಅಡುಗೆಮನೆ ಫಾಯಿಲ್ ತಗೊಂಡು ಬಾರಪ್ಪ" ಅಂದರು ಗೈಡ್.

ದಾವಣಗೆರೆಯ ಮಂಡಿಪೇಟೆಯಲ್ಲಿ ಒಂದು ಡಬ್ಬಿ ಕೊಂಡೆ. ದಪ್ಪ ಎಷ್ಟು ಅಂತ ಕೇಳಿದ್ದಕ್ಕೆ ಅಂಗಡಿಯವರು, "ರೊಟ್ಟಿ ಸುತ್ತಾಕೆ ಎಷ್ಟಿದ್ರೇನ್ರೀ?" ಅಂದರು. ಡಬ್ಬಿ ಮೇಲೆ 18 ಮೈಕ್ರಾನ್ ಅಂತಿತ್ತು (ಮಿಲಿಮೀಟರ್‌ನ ಸಾವಿರದಲ್ಲಿ ಒಂದು ಭಾಗ ಒಂದು ಮೈಕ್ರಾನ್). ನಂಬಿದೆ. ಎಡವಿದ್ದು ಅಲ್ಲೇ.

ಹೊರಡುವಾಗ ಕಣದ ಶಕ್ತಿ 5.49 ಎಂಇವಿ (ಮಿಲಿಯನ್ ಎಲೆಕ್ಟ್ರಾನ್ ವೋಲ್ಟ್, ಕಣಗಳ ಶಕ್ತಿಯ ಅಳತೆ). 18 ಮೈಕ್ರಾನ್ ದಾಟಿದ ಮೇಲೆ ಸುಮಾರು 2 ಉಳಿಯಬೇಕು. ಪರದೆಯ ಮೇಲಿನ ಪೀಕ್, ಅಂದರೆ ಅತಿ ಹೆಚ್ಚು ಕಣಗಳು ತೋರಿಸುವ ಶಕ್ತಿ, ಬಂದು ಕೂತಿದ್ದು 3.5ರ ಹತ್ತಿರ. ಡಿಟೆಕ್ಟರ್ ಮೇಲೆ ಅನುಮಾನ, ವ್ಯಾಕ್ಯೂಮ್ ಪಂಪ್ ಮೇಲೆ ಅನುಮಾನ. ಮೂರು ದಿನ ಸುಮ್ನೆ ಹೋಯ್ತು. ಫಾಯಿಲ್ ಮೇಲೆ ಮಾತ್ರ ಅನುಮಾನವೇ ಬರಲಿಲ್ಲ.

ಸ್ಕ್ರೂಗೇಜ್ ಇಲ್ಲಿ ಕೆಲಸಕ್ಕೆ ಬರಲ್ಲ. ಅದು ತೋರಿಸುವ ಅತಿ ಚಿಕ್ಕ ಅಳತೆಯೇ 10 ಮೈಕ್ರಾನ್! ಕೊನೆಗೆ ತೂಕ ಹಾಕಿದೆ. 10 ಸೆಂ.ಮೀ. ಉದ್ದ, 10 ಸೆಂ.ಮೀ. ಅಗಲದ ತುಂಡು 0.297 ಗ್ರಾಂ ಬಂತು. ಅದನ್ನು 100 ಚದರ ಸೆಂ.ಮೀ.ಗೂ ಅಲ್ಯುಮಿನಿಯಂ ಸಾಂದ್ರತೆ 2.7ಕ್ಕೂ ಭಾಗಿಸಿದರೆ 0.0011 ಸೆಂ.ಮೀ., ಅಂದರೆ 11 ಮೈಕ್ರಾನ್. ಡಬ್ಬಿ ಸುಳ್ಳು ಹೇಳಿತ್ತು.

ಆದರೂ ಲೆಕ್ಕ ಕೂಡಲಿಲ್ಲ. ಶುರುವಿನಲ್ಲಿ ಒಂದು ಮೈಕ್ರಾನ್‌ಗೆ ಸುಮಾರು 155 ಕೆಇವಿ ಖರ್ಚು (ಸಾವಿರ ಕೆಇವಿ ಸೇರಿದರೆ ಒಂದು ಎಂಇವಿ). ಅದನ್ನು 11ರಿಂದ ಗುಣಿಸಿದರೆ 1.7 ಎಂಇವಿ. ಹೋಗಿದ್ದು ಹತ್ತಿರ ಹತ್ತಿರ 2.

ಗೈಡ್ ಮಂಡಕ್ಕಿ ಉದಾಹರಣೆ ಕೊಟ್ಟರು. ಭಟ್ಟಿಯ ಮಂಡಕ್ಕಿ ರಾಶಿಗೆ ಗುಂಡುಕಲ್ಲು ಎಸೆದರೆ ಕಲ್ಲು ದಾರಿ ತಪ್ಪಲ್ಲ, ಮಂಡಕ್ಕಿ ಚೆಲ್ಲಾಡುತ್ತೆ, ಅಲ್ವಾ? ಆಲ್ಫಾ ಕಣ ಎಲೆಕ್ಟ್ರಾನ್‌ಗಿಂತ ಸುಮಾರು 7300 ಪಟ್ಟು ಭಾರ. ಒಂದು ಎಲೆಕ್ಟ್ರಾನ್‌ಗೆ ಅದು ಕೊಡಬಹುದಾದದ್ದು ಹೆಚ್ಚೆಂದರೆ 3 ಕೆಇವಿ. ಹಾಗಾಗಿ ಸಾವಿರಾರು ಎಲೆಕ್ಟ್ರಾನ್‌ಗಳಿಗೆ ಚೂರುಚೂರು ಹಂಚುತ್ತಾ ನೆಟ್ಟಗೆ ಸಾಗುತ್ತದೆ. ಆದರೆ ಮಂಡಕ್ಕಿ ಕಥೆ ಮುಂದೆ ಕೈಕೊಡುತ್ತದೆ. ಕಣ ನಿಧಾನವಾದಷ್ಟೂ ಒಂದೊಂದು ಎಲೆಕ್ಟ್ರಾನ್ ಪಕ್ಕ ಜಾಸ್ತಿ ಹೊತ್ತು ಇರುತ್ತದೆ, ಎಳೆತವೂ ಜಾಸ್ತಿ. ವೇಗದ ವರ್ಗಕ್ಕೆ ಹೆಚ್ಚುಕಡಿಮೆ ವಿಲೋಮವಾಗಿ ನಷ್ಟ ಏರುತ್ತದೆ ಅನ್ನುವುದು ಭೌತವಿಜ್ಞಾನಿ ಹಾನ್ಸ್ ಬೆಥೆಯ 1930ರ ಸೂತ್ರದಲ್ಲೇ ಇದೆ. ಪರೀಕ್ಷೆಗೆ ಅದನ್ನು ಬಾಯಿಪಾಠ ಮಾಡಿದ್ದೆ, ಅಷ್ಟೇ.

ಫಾಯಿಲನ್ನು ಲೆಕ್ಕದ ಕಾಗದದ ಮೇಲೆ ಒಂದೊಂದು ಮೈಕ್ರಾನ್‌ನ 11 ಪದರ ಮಾಡಿದೆ. ಪ್ರತಿ ಪದರ ದಾಟಿದ ಮೇಲೆ ಉಳಿದ ಶಕ್ತಿಗೆ ತಕ್ಕ ನಷ್ಟವನ್ನು, ಇಂಥ ಲೆಕ್ಕ ಹಾಕಿಕೊಡುವ ಎಸ್‌ಆರ್‌ಐಎಂ ಸಾಫ್ಟ್‌ವೇರ್ ಕೊಟ್ಟ ಪಟ್ಟಿಯಿಂದ ತೆಗೆದು ಕಳೆಯುತ್ತಾ ಹೋದೆ. ಕೊನೇ ಪದರದ ಹೊತ್ತಿಗೆ ಖರ್ಚು 200 ಕೆಇವಿ ಮುಟ್ಟಿತ್ತು. ಉಳಿದಿದ್ದು 3.5. ಆ ಸಂಜೆ ನಮಗೆಲ್ಲ ಬೆಣ್ಣೆ ದೋಸೆ, ದುಡ್ಡು ನನ್ನದೇ.

ಮರುದಿನ ಎರಡು ಹಾಳೆ ಫಾಯಿಲ್ ಇಟ್ಟೆ. ಪೀಕ್ 1 ಎಂಇವಿಗಿಂತ ಕೆಳಗಿಳಿದು, ಗುಡ್ಡದ ಹಾಗೆ ಅಗಲವಾಗಿ ಹರಡಿತು. ಎಲ್ಲ ಕಣಗಳ ನಷ್ಟವೂ ಒಂದೇ ಸಮ ಇರುವುದಿಲ್ಲ, ಫಾಯಿಲ್ ದಪ್ಪವೂ ಎಲ್ಲ ಕಡೆ ಒಂದೇ ಅಲ್ಲ. ಮೂರನೇ ಹಾಳೆ ಇಟ್ಟಾಗ ಪರದೆ ಖಾಲಿ. ಜೂನಿಯರ್ ಹುಡುಗ ಓಡಿಬಂದು, "ಅಣ್ಣಾ, ಡಿಟೆಕ್ಟರ್ ಹೋಯ್ತು!" ಅಂದ. ಫಾಯಿಲ್ ತೆಗೆದು ತೋರಿಸಿದೆ.