ದನಿ ಎಷ್ಟು ಮೇಲಿರಬೇಕು: ನಮ್ಮ ಆಲ್ಬಂ ಮಿಕ್ಸ್ ಮಾಡಿದ ಅನುಭವ

ನಮ್ಮ ಆಲ್ಬಂ ಬಗ್ಗೆ ಮಾತೆತ್ತಿದವರೆಲ್ಲ, ಹೊಗಳುವವರಾಗಲಿ ತೆಗಳುವವರಾಗಲಿ, ಕೊನೆಗೆ ಒಂದೇ ಕಡೆ ಬಂದು ನಿಲ್ಲುತ್ತಾರೆ. ಹಾಡುವವಳ ದನಿ ಅಷ್ಟು ಹಿಂದೆ ಯಾಕಿದೆ? ಹಿಡಿಸಿದವರಿಗೆ ಅದೇ ಹಿಡಿಸಿದೆ, ಹಿಡಿಸದವರಿಗೆ ಅದೇ ತಕರಾರು. ತಂಡದಲ್ಲಿ ಬೇಸ್ ಗಿಟಾರ್ ನುಡಿಸುವವನೂ, ರೆಕಾರ್ಡ್ ಆದ ಸದ್ದುಗಳನ್ನೆಲ್ಲ ತೂಗಿ ಒಂದುಗೂಡಿಸಿದವನೂ, ಅಂದರೆ ಮಿಕ್ಸ್ ಮಾಡಿದವನೂ, ನಾನೇ ಆದ್ದರಿಂದ ಪ್ರಶ್ನೆ ನನ್ನ ಕಡೆಗೇ ತಿರುಗುತ್ತದೆ. ಯಾವುದೋ ಒಂದು ರಾತ್ರಿ ಫೇಡರ್ (ಸದ್ದು ಏರಿಸಿ ಇಳಿಸುವ ಗುಂಡಿ) ಕೆಳಗಿಳಿಸಿದ್ದರಿಂದ ಹಾಗಾಯಿತು ಅಂದುಕೊಂಡವರೇ ಹೆಚ್ಚು. ನಿಜ ಸಂಗತಿ ಹಾಡು ಕಟ್ಟಿದ ದಿನದಿಂದಲೇ ಶುರುವಾಗುತ್ತದೆ.

ನಾವು ಹಾಡು ಕಟ್ಟುವುದು ಎಲ್ಲರೂ ಒಂದೇ ಕೋಣೆಯಲ್ಲಿ ನಿಂತು. ಡ್ರಮ್ಸಿಗೆ ಮೈಕ್ ಬೇಡ, ಅದರ ಸದ್ದೇ ಸಾಕಷ್ಟಿರುತ್ತದೆ. ಗಿಟಾರ್ ಆಂಪ್ ಆ ಸದ್ದಿಗೆ ಸಮನಾಗಿ ಏರುತ್ತದೆ, ಬೇಸ್ ಅದರ ಹಿಂದೆ. ಹಾಡು ಮಾತ್ರ ಒಂದು ಚಿಕ್ಕ ಸ್ಪೀಕರಿನಿಂದ ಬರಬೇಕು. ಅದನ್ನು ಏರಿಸಿದರೆ ಕಿರುಚಿಕೊಳ್ಳುತ್ತದೆ. ಹೀಗಾಗಿ ಅವಳು ಬರೆದ ಸಾಹಿತ್ಯ ನಮಗೆ ಯಾರಿಗೂ ಬಹಳ ಕಾಲ ಸರಿಯಾಗಿ ಕೇಳಿಸಿರಲೇ ಇಲ್ಲ. ಸ್ವರ ಎಲ್ಲಿ ಏರುತ್ತದೆ, ಎಲ್ಲಿ ಎಳೆಯುತ್ತದೆ, ಎಲ್ಲಿ ಉಸಿರು ತೆಗೆದುಕೊಳ್ಳುತ್ತಾಳೆ ಅನ್ನುವುದಷ್ಟೇ ಗೊತ್ತಿತ್ತು. ಡ್ರಮ್ಮರ್ ತನ್ನ ತಿರುವುಗಳನ್ನು ಆ ಉಸಿರಿಗೆ ಹೊಂದಿಸಿಕೊಂಡ, ಗಿಟಾರಿಸ್ಟ್ ಅವಳು ಎಳೆದ ಸ್ವರದ ಮೇಲೆ ತನ್ನ ಸ್ವರ ಇಟ್ಟ. ದನಿಯೂ ಒಂದು ವಾದ್ಯ ಅಂದುಕೊಂಡು ಕಟ್ಟಿದ ಹಾಡುಗಳವು. ಮಿಕ್ಸಿಂಗಿನಲ್ಲಿ ಅದನ್ನು ಎತ್ತಿ ಎಲ್ಲರ ಮುಂದೆ ನಿಲ್ಲಿಸಿದರೆ ಮಿಕ್ಕದ್ದೆಲ್ಲ ಬರೀ ಪಕ್ಕವಾದ್ಯವಾಗಿ ಸೊರಗುತ್ತಿತ್ತು. ಮಾಡಿ ನೋಡಿದ್ದೇನೆ, ಸೊರಗುತ್ತದೆ.

ರೆಕಾರ್ಡಿಂಗ್ ವಿಷಯದಲ್ಲಿ ಹೇಳುವಂಥದ್ದು ಹೆಚ್ಚಿಲ್ಲ. ಡ್ರಮ್ಸ್, ಬೇಸ್, ಒಂದು ಗಿಟಾರ್ ಮೂರನ್ನೂ ಒಟ್ಟಿಗೇ ಹಿಡಿದೆವು. ದಾರಿ ತೋರಿಸಲು ಅವಳು ಪಕ್ಕದ ಕೋಣೆಯಿಂದ ಹಾಡುತ್ತಿದ್ದಳು. ಡ್ರಮ್ಸಿಗೆ ಮೇಲಿನಿಂದ ಎರಡು ಮೈಕ್, ಎರಡೂ ಸ್ನೇರ್‌ನಿಂದ (ಚುರುಕು ಸದ್ದಿನ ಚಿಕ್ಕ ಡ್ರಮ್) ಸರಿಸಮ ದೂರದಲ್ಲಿ, ಆಮೇಲೆ ಕಾಲಿನಿಂದ ಬಡಿಯುವ ಕಿಕ್‌ಗೊಂದು, ಸ್ನೇರ್‌ಗೊಂದು. ಅಷ್ಟು ಸಾಕು. ದೂರ ಹೆಚ್ಚುಕಡಿಮೆಯಾದರೆ ಒಂದು ಮೈಕಿನ ಅಲೆ ಇನ್ನೊಂದರ ಅಲೆಯನ್ನು ಕಡಿದು ಸ್ನೇರ್ ತೆಳ್ಳಗಾಗುತ್ತದೆ, ಆದ್ದರಿಂದ ದಾರ ಹಿಡಿದು ಅಳೆಯುವುದು ಒಳ್ಳೆಯದು.

ಗಿಟಾರಿನದು ಮಾತ್ರ ದೊಡ್ಡ ಕತೆ. ಒಂದೇ ಭಾಗವನ್ನು ಎರಡು ಸಲ ಬೇರೆಬೇರೆಯಾಗಿ ನುಡಿಸಿ, ಒಂದನ್ನು ಪೂರ್ತಿ ಎಡಕ್ಕೆ, ಇನ್ನೊಂದನ್ನು ಪೂರ್ತಿ ಬಲಕ್ಕೆ ಹಾಕಿದೆವು. ಎರಡು ಸಲ ನುಡಿಸಿದಾಗ ಕೈಯಲ್ಲಿ ಆಗುವ ಕೂದಲೆಳೆಯ ವ್ಯತ್ಯಾಸದಿಂದಲೇ ಆ ಅಗಲ ಬರುತ್ತದೆ. ಒಂದೇ ಟೇಕನ್ನು, ಅಂದರೆ ಒಂದು ಸಲ ನುಡಿಸಿದ್ದನ್ನೇ, ನಕಲು ಮಾಡಿ ಎರಡೂ ಕಡೆ ಇಟ್ಟರೆ ಅದು ನಡುವಿಗೇ ಬಂದು ಕೂರುತ್ತದೆ. ಅದರ ಮೇಲೆ ಫಝ್, ಅಂದರೆ ಗಿಟಾರಿನ ಸದ್ದನ್ನು ಒರಟಾಗಿ ಒಡೆಯುವ ಎಫೆಕ್ಟ್. ಗಿಟಾರಿಗೆ ಫಝ್ ಹಾಕಿದ ಕ್ಷಣ ಒಂದೊಂದು ಸ್ವರದಿಂದಲೂ ಹತ್ತಾರು ಉಪಸ್ವರ ಹುಟ್ಟಿ, 1ರಿಂದ 4 ಕಿಲೋಹರ್ಟ್ಜ್ (ಸದ್ದಿನ ಕಂಪನದ ಅಳತೆ) ನಡುವಿನ ಜಾಗವನ್ನೆಲ್ಲ ತುಂಬಿಬಿಡುತ್ತವೆ. ನಮ್ಮ ಕಿವಿ ಅತಿ ಚುರುಕಾಗಿರುವುದು ಸುಮಾರು 2ರಿಂದ 5 ಕಿಲೋಹರ್ಟ್ಜ್ ಭಾಗದಲ್ಲಿ. ಮಾತಿನಲ್ಲಿ ‘ಸ’ ಯಾವುದು ‘ತ’ ಯಾವುದು ಎಂದು ತಿಳಿಯುವುದೂ ಬಹುಮಟ್ಟಿಗೆ ಅಲ್ಲಿಂದಲೇ. ‘ಅ’, ‘ಇ’ಯಂಥ ಸ್ವರಾಕ್ಷರಗಳ ಬಲ ಅದಕ್ಕಿಂತ ಕೆಳಗಿರುತ್ತದೆ. ಹೀಗಾಗಿ ಫಝ್ ಗಿಟಾರಿನ ನಡುವೆ ಹಾಡಿದ್ದು ಜೋರು ಮಳೆಯಲ್ಲಿ ಆಡಿದ ಮಾತಿನ ಹಾಗೆ: ರಾಗ ಉಳಿಯುತ್ತದೆ, ವ್ಯಂಜನ ಕೊಚ್ಚಿಹೋಗುತ್ತದೆ. ದನಿ ಸಣ್ಣಗಿದೆ ಅನ್ನುವವರಿಗೆ ಅನೇಕ ಸಲ ಕೇಳಿಸದೆ ಹೋಗಿರುವುದು ದನಿ ಅಲ್ಲ, ವ್ಯಂಜನ.

ಅವಳು ಹಾಡುವುದೂ ಮೆಲ್ಲಗೆ. ಮೈಕಿಗೆ ತುಟಿ ತಾಗುವಷ್ಟು ಹತ್ತಿರ ನಿಂತು, ಪಕ್ಕದವರಿಗೆ ಹೇಳುವಷ್ಟು ಸದ್ದಿನಲ್ಲಿ. ಸಣ್ಣ ಸದ್ದನ್ನೂ ಹಿಡಿಯುವ ಕಂಡೆನ್ಸರ್ ಮೈಕಿನಲ್ಲಿ ಹಿಡಿದರೆ ವ್ಯಂಜನ ಚೂಪಾಗಿ ಬರುತ್ತಿತ್ತು, ಆದರೆ ಗಿಟಾರಿನ ಜೊತೆ ಕೇಳಿದಾಗ ದನಿಯ ತಿರುಳು ಕಾಣೆಯಾಗಿ ಬರೀ ‘ಸ್ಸ್’ ಉಳಿಯುತ್ತಿತ್ತು. ಅಷ್ಟು ಸೂಕ್ಷ್ಮವಲ್ಲದ ಡೈನಮಿಕ್ ಮೈಕಿಗೆ ಬದಲಾಯಿಸಿದೆವು. ಹತ್ತಿರದಿಂದ ಹಾಡಿದಾಗ ಅದು ಕೆಳಸ್ತರವನ್ನು ದಪ್ಪ ಮಾಡುತ್ತದೆ. ಪಲ್ಲವಿಗಳನ್ನು ಎರಡೆರಡು ಸಲ ಹಾಡಿಸಿ ಒಂದರ ಮೇಲೊಂದು ಇಟ್ಟೆ. ಎರಡನೇ ಸಲ ಹಾಡಲು ಅವಳಿಗೆ ಬೇಸರ. ಯಾವ ಹಾಡುಗಾರರಿಗೂ ಬೇಸರವೇ. 1966ರಲ್ಲಿ ಬೀಟಲ್ಸ್‌ಗಾಗಿ ಇಎಂಐ ಸ್ಟುಡಿಯೋದ ಕೆನ್ ಟೌನ್‌ಸೆಂಡ್ ಟೇಪಿನಿಂದಲೇ ದನಿಯನ್ನು ಇಮ್ಮಡಿ ಮಾಡುವ ಉಪಾಯ ಹೂಡಿದ್ದು ಆ ಬೇಸರವನ್ನು ತಪ್ಪಿಸಲಿಕ್ಕೆ. 1991ರಲ್ಲಿ ನಿರ್ವಾಣ ತಂಡದ ‘ನೆವರ್‌ಮೈಂಡ್’ ಆಲ್ಬಂ ಮಾಡುವಾಗ ಹಾಡುಗಾರ ಕರ್ಟ್ ಕೋಬೇನ್ ಎರಡನೇ ಸಲ ಹಾಡಲು ಒಪ್ಪದಿದ್ದಾಗ ಪ್ರೊಡ್ಯೂಸರ್ ಬುಚ್ ವಿಗ್ ಪ್ರಯೋಗಿಸಿದ ಅಸ್ತ್ರ ಬೇರೆ: ಬೀಟಲ್ಸ್‌ನ ಜಾನ್ ಲೆನನ್ ಮಾಡುತ್ತಿದ್ದ ಅಂದುಬಿಡುವುದು. ನಾನೂ ಅದನ್ನೇ ಪ್ರಯೋಗಿಸಿದೆ. "ಅವನು ಮಾಡಿದ್ದನ್ನೆಲ್ಲ ನಾನ್ಯಾಕೆ ಮಾಡ್ಲಿ?" ಅಂದಳು. ಹಾಡಿದಳು, ಅದು ಬೇರೆ ಮಾತು.

ಮಿಕ್ಸಿಂಗ್ ಶುರುವಾದಾಗ ಜಗಳ ಶುರುವಾಯಿತು. ದನಿ ಮೇಲಿರಲಿ ಎಂದು ಹಾಡುಗಾರ್ತಿ, ಗಿಟಾರ್ ಮೇಲಿರಲಿ ಎಂದು ಗಿಟಾರಿಸ್ಟ್ ಎಳೆದಾಡುವುದು ಲೋಕರೂಢಿ. ನಮ್ಮಲ್ಲಿ ಇಬ್ಬರೂ ಒಂದೇ ಪಕ್ಷ. "ಮೊದಲ ಸಲಕ್ಕೇ ಎಲ್ಲಾ ಕೇಳಿಸಿಬಿಟ್ರೆ ಎರಡನೇ ಸಲ ಯಾಕೆ ಕೇಳ್ತಾರೆ?" ಎಂಬುದು ಅವಳ ವಾದ. ಎದುರು ಪಕ್ಷದಲ್ಲಿ ಆಲ್ಬಂ ಬಿಡುಗಡೆ ಮಾಡಲಿದ್ದ ಕಂಪನಿಯವರು. ಪದ ಕೇಳಿಸದ ಹಾಡನ್ನು ಜನ ಗುನುಗುವುದು ಹೇಗೆ ಎಂದು ಅವರು ಕೇಳಿದರು. ತಮಾಷೆಯ ಪ್ರಶ್ನೆ ಏನಲ್ಲ ಅದು.

ಈ ಜಗಳದ ಅತಿ ಪ್ರಸಿದ್ಧ ಉದಾಹರಣೆ ನನ್ನ ತಲೆಯಲ್ಲಿ ಸುತ್ತುತ್ತಲೇ ಇತ್ತು. ಅದೇ ನಿರ್ವಾಣ ತಂಡ 1993ರ ಫೆಬ್ರುವರಿಯಲ್ಲಿ ಅಮೆರಿಕದ ಮಿನೆಸೋಟದ ಪ್ಯಾಕಿಡರ್ಮ್ ಸ್ಟುಡಿಯೋದಲ್ಲಿ ರೆಕಾರ್ಡಿಂಗ್ ಎಂಜಿನಿಯರ್ ಸ್ಟೀವ್ ಆಲ್ಬಿನಿ ಜೊತೆ ‘ಇನ್ ಯೂಟೆರೊ’ ಆಲ್ಬಂ ರೆಕಾರ್ಡ್ ಮಾಡಿತು. ಆಲ್ಬಿನಿ ತನ್ನನ್ನು ಪ್ರೊಡ್ಯೂಸರ್ ಅಂದುಕೊಳ್ಳಲು ಒಪ್ಪದ ಮನುಷ್ಯ. ತಂಡ ಕೋಣೆಯಲ್ಲಿ ಹೇಗೆ ಕೇಳಿಸುತ್ತದೋ ಹಾಗೆ ಹಿಡಿಯುವುದು ಅವನ ಕಸುಬು, ರಾಯಲ್ಟಿಯನ್ನೂ ಮುಟ್ಟುತ್ತಿರಲಿಲ್ಲ. ಮುಗಿದ ಮೇಲೆ ಅವರ ಕಂಪನಿಗೆ ಅಸಮಾಧಾನ. ಹಾಡಿನ ದನಿ, ಬೇಸ್ ಎರಡೂ ಸಾಲದು ಅಂತ ತಂಡಕ್ಕೂ ಅನ್ನಿಸತೊಡಗಿತು. ಕೊನೆಗೆ ಮಾಸ್ಟರಿಂಗಿನಲ್ಲಿ, ಅಂದರೆ ಮಿಕ್ಸ್ ಮುಗಿದ ಮೇಲೆ ಮಾಡುವ ಕೊನೆಯ ತಿದ್ದುವಿಕೆಯಲ್ಲಿ, ಬಾಬ್ ಲುಡ್ವಿಗ್ ಒಂದಷ್ಟು ಸರಿತೂಗಿಸಿದರು, ಎರಡು ಹಾಡುಗಳನ್ನು ಸ್ಕಾಟ್ ಲಿಟ್ ಮತ್ತೆ ಮಿಕ್ಸ್ ಮಾಡಿದರು. ಆಲ್ಬಂ ಅಮೆರಿಕದ ಪಟ್ಟಿಯಲ್ಲಿ ನೇರ ಒಂದನೇ ಸ್ಥಾನಕ್ಕೆ ಬಂತು. ನಮ್ಮ ಕಂಪನಿಯವರು ನನಗೆ ಆ ಎರಡು ಹಾಡುಗಳನ್ನು ತೋರಿಸಿದರು, ನಾನು ಅವರಿಗೆ ಉಳಿದ ಹತ್ತನ್ನು ತೋರಿಸಿದೆ. ಇಂಥ ಉದಾಹರಣೆಗಳಿಂದ ಯಾವ ವಾದವೂ ಮುಗಿಯುವುದಿಲ್ಲ.

ನಾನು ಹಿಡಿದ ದಾರಿ ಇದು. ಪ್ರತಿ ಹಾಡಿನಲ್ಲೂ ಮೊದಲ ಸಾಲು ಸ್ಪಷ್ಟವಾಗಿ ಕೇಳಬೇಕು. ಅದಕ್ಕೆ ದನಿಯನ್ನು ಒಂದು ಡೆಸಿಬೆಲ್‌ನಷ್ಟು ಮೇಲಿಟ್ಟೆ. ಎರಡನೇ ಸಾಲಿನಿಂದ ಸ್ವಲ್ಪಸ್ವಲ್ಪವಾಗಿ ಇಳಿಸುತ್ತ, ಗಿಟಾರ್ ಪೂರ್ತಿ ಏರುವ ಪಲ್ಲವಿಯ ಹೊತ್ತಿಗೆ ಅದರೊಳಗೆ ಬಿಟ್ಟೆ. ಒಮ್ಮೆ ದನಿಯ ಗುರುತು ಹಿಡಿದ ಕಿವಿ ಆಮೇಲೆ ಅದನ್ನು ತಾನೇ ಬೆನ್ನಟ್ಟಿಕೊಂಡು ಹೋಗುತ್ತದೆ. ಗುರುತೇ ಸಿಗದಿದ್ದರೆ ಕೈಬಿಡುತ್ತದೆ. ಇದಲ್ಲದೆ, ಅವಳು ಹಾಡುತ್ತಿರುವಾಗ ಮಾತ್ರ ಗಿಟಾರಿನ 2ರಿಂದ 4 ಕಿಲೋಹರ್ಟ್ಜ್ ಭಾಗ ತುಸು ತಗ್ಗುವಂತೆ, ಬಾಯಿ ಮುಚ್ಚಿದ ಕೂಡಲೇ ಮೊದಲಿನಂತೆ ಆಗುವಂತೆ ಡೈನಮಿಕ್ ಇಕ್ಯೂ ಎಂಬ ಸಲಕರಣೆ ಕಟ್ಟಿದೆ. ಮೊದಲು ಜಾಸ್ತಿ ತಗ್ಗಿಸಿದ್ದೆ. ಗಿಟಾರಿಸ್ಟ್ ಕೇಳಿದವನೇ "ನನ್ನ ಗಿಟಾರ್ ಉಬ್ಬಸ ಬಂದೋರ ಥರ ಉಸಿರಾಡ್ತಿದೆಯಲ್ಲೋ" ಅಂದ. ಎರಡು ಡೆಸಿಬೆಲ್ ಮೀರದಂತೆ ಇಟ್ಟ ಮೇಲೆ ಸುಮ್ಮನಾದ.

ಇದನ್ನೆಲ್ಲ ತೂಗಿ ನೋಡಿದ್ದು ಆದಷ್ಟು ಸಣ್ಣ ಸದ್ದಿನಲ್ಲಿ. ಜೋರಾಗಿ ಕೇಳಿದರೆ ಬೇಸ್, ಕಿಕ್ ಎಲ್ಲ ಮೈಗೆ ಬಡಿದು ಎಲ್ಲವೂ ಚೆನ್ನಾಗಿದೆ ಅನ್ನಿಸುತ್ತದೆ. ಸದ್ದು ಇಳಿಸಿದಂತೆ ಕಿವಿಗೆ ಕೆಳಸ್ತರ ಬೇಗ ಕಾಣೆಯಾಗುತ್ತದೆ, ನಡುಸ್ತರ ಉಳಿಯುತ್ತದೆ. ಫ್ಲೆಚರ್ ಮತ್ತು ಮನ್ಸನ್ ಎಂಬ ವಿಜ್ಞಾನಿಗಳು 1933ರಲ್ಲೇ ಇದನ್ನು ಅಳೆದು ತೋರಿಸಿದ್ದಾರೆ. ಮಾತಾಡುವ ಸದ್ದಿಗಿಂತ ಕೆಳಗಿಟ್ಟಾಗಲೂ ದನಿ ಮುಳುಗಿದರೆ ನಿಜಕ್ಕೂ ಮುಳುಗಿದೆ ಎಂದು ಅರ್ಥ.

ಪ್ರತಿ ಹಾಡಿಗೂ ಮೂರು ಮಿಕ್ಸ್ ತೆಗೆದಿಟ್ಟೆ: ನಾವು ಒಪ್ಪಿದ್ದು, ದನಿ ಅರ್ಧ ಡೆಸಿಬೆಲ್ ಮೇಲಿರುವುದು, ಅರ್ಧ ಡೆಸಿಬೆಲ್ ಕೆಳಗಿರುವುದು. ಇದು ಈ ಕಸುಬಿನಲ್ಲಿ ಎಲ್ಲರೂ ಮಾಡುವ ಕೆಲಸ, ಕಾರಣವೂ ಇದೆ. ಮಾಸ್ಟರಿಂಗಿನಲ್ಲಿ ಲಿಮಿಟರ್ (ಸದ್ದು ಒಂದು ಮಟ್ಟ ಮೀರದಂತೆ ತಡೆಯುವ ಸಲಕರಣೆ) ಹಾಕಿದಾಗ ಮೊದಲು ಕತ್ತರಿಗೆ ಸಿಗುವುದು ಡ್ರಮ್ಸಿನ ಹೊಡೆತಗಳ ತುದಿ. ಎಳೆದು ನಿಲ್ಲುವ ಸದ್ದುಗಳು, ಅಂದರೆ ದನಿ, ಗಿಟಾರ್, ರಿವರ್ಬ್ ಎಂಬ ಮಾರ್ದನಿ, ಅದಕ್ಕೆ ಹೋಲಿಸಿದರೆ ಮೇಲೇಳುತ್ತವೆ. ಹಾಗಾಗಿ ಮಿಕ್ಸಿನಲ್ಲಿ ದನಿ ಸ್ವಲ್ಪ ಕಡಿಮೆ ಅನ್ನಿಸಿದರೂ ಮಾಸ್ಟರಿಂಗ್ ಆದ ಮೇಲೆ ಸರಿಹೋಗಬಹುದು. ನಮ್ಮದು ಸರಿಹೋಯಿತು ಅಂತ ನಮಗನ್ನಿಸಿತು, ಕಂಪನಿಯವರಿಗೆ ಅನ್ನಿಸಲಿಲ್ಲ. ಸದ್ದನ್ನು ವಿಪರೀತ ಏರಿಸಬೇಡಿ ಎಂದು ಮಾಸ್ಟರಿಂಗ್ ಮಾಡಿದವರಿಗೆ ಹೇಳಿದ್ದೆ. ಸ್ಪಾಟಿಫೈ ಹೇಗಿದ್ದರೂ ಎಲ್ಲ ಹಾಡುಗಳನ್ನೂ ಎಲ್‌ಯುಎಫ್‌ಎಸ್ ಎಂಬ ಸದ್ದಿನ ಅಳತೆಯಲ್ಲಿ ಸುಮಾರು ಮೈನಸ್ 14ಕ್ಕೆ ತಂದಿಡುತ್ತದೆ. ಅದಕ್ಕಿಂತ ಜೋರು ಮಾಡಿ ಕೊಟ್ಟರೆ ಅವರು ಇಳಿಸುತ್ತಾರೆ, ಲಿಮಿಟರ್ ನುಂಗಿದ ಡ್ರಮ್ಸ್ ಮಾತ್ರ ವಾಪಸ್ ಬರುವುದಿಲ್ಲ.

ಆಲ್ಬಂ ಹೊರಬಂದ ಮೇಲೆ ಬಂದ ಮಾತುಗಳನ್ನು ಓದುತ್ತ ಒಂದು ವಿಚಿತ್ರ ಕಂಡಿತು. ಒಳ್ಳೆಯ ಹೆಡ್‌ಫೋನಿನಲ್ಲಿ, ಕಣ್ಣುಮುಚ್ಚಿ ಶ್ರದ್ಧೆಯಿಂದ ಕೇಳಿದವರು ‘ಒಂದು ಪದವೂ ಅರ್ಥವಾಗಲಿಲ್ಲ’ ಅಂದರು. ಯಾವುದೋ ಕೆಲಸ ಮಾಡುತ್ತ ಅಗ್ಗದ ಸ್ಪೀಕರಿನಲ್ಲಿ ಹಾಕಿಕೊಂಡವರು ಸಾಹಿತ್ಯದ ಸಾಲುಗಳನ್ನು ಎತ್ತಿ ಬರೆದಿದ್ದರು! ಮೊದಲು ಇದು ರುಚಿಭೇದ ಅಂದುಕೊಂಡೆ. ಆಮೇಲೆ ಮಿಕ್ಸನ್ನು ಮೋನೋ ಮಾಡಿ ಕೇಳಿದಾಗ ಲೆಕ್ಕ ತಿಳಿಯಿತು. ಒಂದೇ ಸ್ಪೀಕರ್ ಇರುವ ಸಾಧನದಲ್ಲಿ ಎಡ ಬಲ ಎರಡೂ ಸೇರಿ ಒಂದಾಗುತ್ತವೆ. ನಡುವಿನಲ್ಲಿರುವ ದನಿ ಎರಡೂ ಕಡೆ ಒಂದೇ ಆಗಿರುವುದರಿಂದ ಪೂರ್ತಿ ಬಲದಲ್ಲಿ ಕೂಡುತ್ತದೆ. ಎರಡು ಬದಿಯ ಗಿಟಾರುಗಳು ಬೇರೆಬೇರೆ ಟೇಕುಗಳು, ಅಷ್ಟು ಬಲವಾಗಿ ಕೂಡುವುದಿಲ್ಲ. ಅದರ ಲೆಕ್ಕದಲ್ಲಿ ದನಿ ಹತ್ತಿರಹತ್ತಿರ 3 ಡೆಸಿಬೆಲ್ ಮುಂದೆ ಬರುತ್ತದೆ. ನಾವು ಅರ್ಧ ಡೆಸಿಬೆಲ್‌ಗೆ ಕಿತ್ತಾಡಿದ್ದೆವು. ಜೊತೆಗೆ ಆ ಪುಟ್ಟ ಸ್ಪೀಕರಿಗೆ ಕೆಳಸ್ತರ ಎತ್ತುವ ಶಕ್ತಿಯೇ ಇಲ್ಲ, ಇರುವ ಕಸುವೆಲ್ಲ ಮಾತಿನ ಭಾಗಕ್ಕೇ ಹೋಗುತ್ತದೆ. ಹಳೆಯ ಟೆಲಿಫೋನ್ ತಂತಿ 300ರಿಂದ 3,400 ಹರ್ಟ್ಜ್ ಅಷ್ಟನ್ನೇ ಸಾಗಿಸಿಯೂ ಮಾತು ತಿಳಿಯುತ್ತಿತ್ತಲ್ಲ.

ಅಂದರೆ ಜನ ಎರಡು ಬೇರೆ ಆಲ್ಬಂ ಕೇಳಿ ಒಂದರ ಬಗ್ಗೆ ವಾದ ಮಾಡುತ್ತಿದ್ದರು. ವಿಮರ್ಶೆ ಬರೆಯುವವರು ಹೆಚ್ಚಾಗಿ ಹೆಡ್‌ಫೋನಿನವರು. ಹಾಡನ್ನು ಹರಡುವವರು ಫೋನಿನ ಪುಟ್ಟ ಸ್ಪೀಕರಿನವರು. ನಮ್ಮ ಆಲ್ಬಂನಲ್ಲಿ ಜನಪ್ರಿಯವಾದ ಹಾಡು ವಿಮರ್ಶೆಗಳಲ್ಲಿ ಒಂದು ವಾಕ್ಯಕ್ಕಿಂತ ಹೆಚ್ಚು ಜಾಗ ಪಡೆಯದ ಹಾಡು. ಅದರಲ್ಲಿ ಗಿಟಾರುಗಳು ಅತಿ ಅಗಲ, ಅಂದರೆ ಮೋನೋದಲ್ಲಿ ದನಿಗೆ ಅತಿ ಹೆಚ್ಚು ಲಾಭ. ಅದೊಂದೇ ಕಾರಣ ಅಂತ ಹೇಳಲಾರೆ, ಪಲ್ಲವಿಯ ರಾಗವೂ ಚೆನ್ನಾಗಿದೆ.

ಸಾಹಿತ್ಯ ಅಚ್ಚು ಹಾಕಲು ಹಾಡುಗಾರ್ತಿ ಒಪ್ಪಲಿಲ್ಲ. ಕೇಳುಗರು ಊಹಿಸಿ ಬರೆದ ಸಾಹಿತ್ಯ ತಾನಾಗಿ ಹರಡಿತು, ಅದರಲ್ಲಿ ಕೆಲವು ಸಾಲು ಅವಳು ಬರೆದದ್ದಕ್ಕಿಂತ ಚೆನ್ನಾಗಿವೆ ಎಂಬುದು ಗಿಟಾರಿಸ್ಟ್‌ನ ಅಭಿಪ್ರಾಯ. ನನ್ನದನ್ನು ಹೇಳುವುದಿಲ್ಲ.

ವೇದಿಕೆಯ ಮೇಲೆ ಈ ಯಾವ ಸೂಕ್ಷ್ಮವೂ ನಡೆಯುವುದಿಲ್ಲ. ಸಭಾಂಗಣದಲ್ಲಿ ಡ್ರಮ್ಸಿನ ಸದ್ದನ್ನು ಯಾವ ಫೇಡರೂ ಇಳಿಸಲಾರದು, ಅದಕ್ಕಿಂತ ಮೇಲೆ ದನಿ ಇಡಲೇಬೇಕು. ಮೆಲ್ಲಗೆ ಹಾಡುವವಳ ಮೈಕನ್ನು ಏರಿಸಿದಷ್ಟೂ ಪಕ್ಕದ ಸಿಂಬಲ್ ಕೂಡ ಅದರೊಳಗೆ ನುಗ್ಗುತ್ತದೆ, ಅವಳ ಮುಂದಿನ ಮಾನಿಟರ್ ಸ್ಪೀಕರ್ ಕೂಗತೊಡಗುತ್ತದೆ. ಹಾಗಾಗಿ ಅಲ್ಲಿ ಅವಳು ಗಂಟಲು ಬಿಟ್ಟೇ ಹಾಡುತ್ತಾಳೆ. ಕಾರ್ಯಕ್ರಮ ನೋಡಿ ಆಮೇಲೆ ಆಲ್ಬಂ ಕೇಳಿದವರು ‘ಸ್ಟುಡಿಯೋದಲ್ಲಿ ಯಾಕೆ ಹೆದರಿಕೊಂಡು ಹಾಡಿದ್ದಾರೆ’ ಎಂದು ಕೇಳಿದ್ದುಂಟು.

ಆಮೇಲೆ ವಿನೈಲ್, ಅಂದರೆ ಗ್ರಾಮಫೋನ್ ತಟ್ಟೆ, ಬಂತು. ತಟ್ಟೆ ಸದಾ ನಿಮಿಷಕ್ಕೆ 33⅓ ಸುತ್ತು ತಿರುಗುತ್ತದೆ, ಆದರೆ ಮುಳ್ಳು ಒಳಗೊಳಗೆ ಸರಿದಂತೆ ಸುತ್ತು ಚಿಕ್ಕದಾಗಿ ಅದೇ ಹೊತ್ತಿಗೆ ಸಿಗುವ ಗೆರೆಯ ಉದ್ದ ಕಡಿಮೆಯಾಗುತ್ತದೆ. ‘ಸ’, ‘ಶ’ಗಳು ಹರಿದಂತೆ ಕೇಳುತ್ತವೆ. ಅದಕ್ಕೇ ಪ್ರತಿ ಬದಿಯ ಕೊನೆಗೆ ಮೆತ್ತನೆಯ ಹಾಡು ಬರುವಂತೆ ಅನುಕ್ರಮ ಬದಲಾಯಿಸಿದೆ, ‘ಸ’ಗಳನ್ನು ತಗ್ಗಿಸಿದೆ. ವಿನೈಲಿಗೆ ಕೊಟ್ಟ ಮಾಸ್ಟರಿನಲ್ಲಿ ಲಿಮಿಟರ್ ಹೆಚ್ಚುಕಡಿಮೆ ಇಲ್ಲ, ಡ್ರಮ್ಸ್ ಪೂರ್ತಿ ಎದ್ದು ನಿಲ್ಲುತ್ತದೆ, ದನಿ ಇನ್ನೂ ಹಿಂದೆ ಹೋಗುತ್ತದೆ. ಅದನ್ನು ಸರಿತೂಗಿಸಲು ಎಲ್ಲ ಹಾಡುಗಳಿಗೂ ಅರ್ಧ ಡೆಸಿಬೆಲ್ ಮೇಲಿದ್ದ ಮಿಕ್ಸನ್ನೇ ಬಳಸಿದೆ, ಕಂಪನಿಯವರು ಮೊದಲಿನಿಂದ ಕೇಳುತ್ತಿದ್ದದ್ದನ್ನು. ಯಾರಿಗೂ ಹೇಳಲಿಲ್ಲ. ತಂಡದ ಮನಸ್ಸಿನಲ್ಲಿದ್ದ ಅಸಲಿ ಆಲ್ಬಂ ವಿನೈಲಿನದೇ, ಕಂಪನಿ ಕೈ ಹಾಕದ ಮಿಕ್ಸ್ ಇದು ಎಂದು ಅಭಿಮಾನಿಗಳು ಬರೆದರು. ಹಾಡುಗಾರ್ತಿಗೆ ಓದಿ ಹೇಳಿ ವಿಷಯ ಬಿಚ್ಚಿಟ್ಟೆ. ಮನಸಾರೆ ನಕ್ಕಳು. ಮುಂದಿನ ಆಲ್ಬಂಗೆ ಆ ಮೇಲಿನ ಮಿಕ್ಸ್ ತೆಗೆಯಲೇಬೇಡ ಅಂದಳು.